ಈಸ್ಟರ್‌ವರೆಗೆ ಪೆಡಲ್ ಹಾಗೇ ಇರಲಿ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಮ್ಮೂರ ಚರ್ಚಿನಲ್ಲಿ ಪಿಯಾನೋ ನುಡಿಸುವ ಆರ್ಲಿಸ್ ನಿಂತಿದ್ದಳು. ಜೊತೆಯಲ್ಲಿದ್ದ ತಮ್ಮ ಡ್ವೇನ್‌ನ ಕೈಯಲ್ಲಿ ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟ್ ಬಟ್ಟೆ.

"ಪಿಯಾನೋ ಪೆಡಲ್ಲಿನ ಕೀಲು ಸವೆದಿದೆ, ಅಷ್ಟೇ ಅಕ್ಕ. ಇದನ್ನ ಸುತ್ತಿದ್ರೆ ಅಲ್ಲಾಡೋದೂ ನಿಲ್ಲುತ್ತೆ, ಟಕ್ ಅನ್ನೋದೂ ನಿಲ್ಲುತ್ತೆ. ರಿಪೇರಿಯವನನ್ನ ಕರೆಸಿದ್ರೆ ಚರ್ಚಿನ ಕಾಣಿಕೆಯೆಲ್ಲ ಅವನಿಗೇ."

"ಅಲ್ಲಾಡೋದು ನಿಲ್ಲಿಸು. ಟಕ್ ಇರ್ಲಿ."

"ಅದ್ಯಾಕೆ?"

"ನಮ್ಮ ಹಾಡೋರು ಬಾಯಿ ತೆಗೆಯೋದೇ ಅದನ್ನ ಕೇಳಿ ಕಣೋ. ಹೋದ ವಾರ ಪೆಡಲ್‌ನ ಕಾಲಲ್ಲಿ ಮೆತ್ತಗೆ ಒತ್ತಿದೆ, ಟಕ್ ಅನ್ಲಿಲ್ಲ. ಒಬ್ರೂ ಶುರು ಮಾಡ್ಲಿಲ್ಲ."

"ತಲೆ ಆಡಿಸಿ ತೋರ್ಸು."

"ಪಿಯಾನೋ ಹಿಂದೆ ಕೂತ್ರೆ ನನ್ನ ತಲೆ ಕಾಣುತ್ತಾ?"

"ಕಾಣಲ್ಲ ಬಿಡು. ಆದ್ರೆ ಈ ಭಾನುವಾರ ಈಸ್ಟರ್, ಊರೆಲ್ಲ ಬರುತ್ತೆ!"

"ಅದಕ್ಕೇ ಹೆದರಿಕೆ."

ಗಲ್ಲಾದಲ್ಲಿದ್ದ ವೆಂಡೆಲ್ ಚರ್ಚಿನ ಆ ಹಾಡುಗಾರರಲ್ಲೊಬ್ಬ. ಫೆಲ್ಟ್ ಬಟ್ಟೆಯನ್ನು ಡ್ವೇನ್‌ನ ಕೈಯಿಂದ ಕಿತ್ತು ಗಲ್ಲಾದ ಕೆಳಗಿಟ್ಟ.

"ಇದನ್ನ ಸೋಮವಾರ ಬಂದು ತಗೊಂಡ್ಹೋಗಪ್ಪ."

"ಹಾಡಿನ ಮಧ್ಯೆ ಪೆಡಲ್ ಕಿತ್ತು ಬಂದ್ರೆ?" ಎಂದ ಡ್ವೇನ್.

ಆರ್ಲಿಸ್ ಆಗಲೇ ಬಾಗಿಲು ದಾಟುತ್ತಿದ್ದಳು.

"ಬರ್ಲಿ ಬಿಡೋ. ಅಷ್ಟೊತ್ತಿಗೆ ಶುರುವಾಗಿರುತ್ತಲ್ಲ!"