ಗುಡಿಗೆ ಕೊಟ್ಟ ಮೊದಲ ಜಾಯಿಂಟು

ನಮ್ಮ ಸಂಘದ ಅಧ್ಯಕ್ಷರಾದ ನರೇಶ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಪ್ರಾಂಶುಪಾಲರಾದ ಸಂಘಮಿತ್ರ ಮೇಡಂ ಅವರೇ, ಬಾಶೆಟ್ಟಿಹಳ್ಳಿಯ ಸಣ್ಣ ಕೈಗಾರಿಕೆಗಳ ಮಾಲೀಕರೇ, ಶಿಫ್ಟು ಮುಗಿಸಿ ಮನೆಗೂ ಹೋಗದೆ ಇಲ್ಲಿ ಬಂದು ಕುಳಿತಿರುವ ಕೆಲಸಗಾರರೇ, ಹೆಣ್ಣುಮಕ್ಕಳೇ, ಎಲ್ಲ ಸಭಿಕರೇ,

ಇವತ್ತು ಕಾರ್ತಿಕ ಸೋಮವಾರ, ನನಗೆ ಉಪವಾಸ. ಸಂಜೆ ಗುಡಿಯಲ್ಲಿ ದೀಪ ಹಚ್ಚಿದ ಮೇಲೆಯೇ ಊಟ. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು ಡೇರಿಗೆ ಹಾಕಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಮನೆಯವರಿಗೆ ಮುದ್ದೆ ಮಾಡಿಟ್ಟು, ಕೊಯ್ದು ಹಾಕಿರುವ ರಾಗಿ ಇಬ್ಬನಿಗೆ ನೆನೆದಿದೆಯೇ ಎಂದು ಹೊಲಕ್ಕೆ ಹೋಗಿ ನೋಡಿ, ಸ್ನಾನ ಮಾಡಿಕೊಂಡು ಬಂದಿದ್ದೇನೆ. ಇದನ್ನು ಏಕೆ ಹೇಳಿದೆನೆಂದರೆ, ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದೆ. ನನ್ನ ಭಾಷಣ ಉದ್ದವಾದರೆ ಕಷ್ಟ ನಿಮಗೆ, ನನಗಲ್ಲ.

ರಾಜ್ಯೋತ್ಸವದ ಈ ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಸಂತೋಷ. ಆದರೆ ಒಂದು ತಿದ್ದುಪಡಿ ಇದೆ. ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲಿ ‘ಪೇಟೆಂಟ್ ಪಡೆದ ಮಹಿಳೆ’ ಎಂದು ಬರೆಸಿದ್ದೀರಿ. ನಾನು ಪಡೆದಿಲ್ಲ, ಕೇಳಿದ್ದೇನೆ. ಅಧ್ಯಕ್ಷರಿಗೆ ಮೊದಲೇ ಹೇಳಿದೆ. “ಬಿಡೀಮ್ಮ, ಇವತ್ತಲ್ಲ ನಾಳೆ ಬರ್ತದೆ, ಬ್ಯಾನರ್ ಪ್ರಿಂಟಾಗೋಗದೆ” ಎಂದರು. ಬ್ಯಾನರಿನ ಮೇಲೆ ಬರೆದ ಮಾತ್ರಕ್ಕೆ ಬರುವುದಿದ್ದರೆ ಎಷ್ಟು ಚೆನ್ನಾಗಿತ್ತು!

ಪೇಟೆಂಟ್ ಎಂದರೆ ಏನು ಎಂದು ಇಲ್ಲಿರುವ ಎಲ್ಲರಿಗೂ ಗೊತ್ತಿರಬೇಕೆಂದಿಲ್ಲ. ನನಗೂ ಗೊತ್ತಿರಲಿಲ್ಲ. ಈ ವಸ್ತುವನ್ನು ಹೊಸದಾಗಿ ಕಂಡುಹಿಡಿದವರು ಇವರು, ಇವರನ್ನು ಕೇಳದೆ ಬೇರೆ ಯಾರೂ ಮಾಡಿ ಮಾರುವಂತಿಲ್ಲ ಎಂದು ಸರ್ಕಾರ ಕೊಡುವ ಹಕ್ಕು ಅದು. ಆ ಹಕ್ಕಿಗೆ ನಾನೂ ನನ್ನ ಮೈದುನ ಆನಂದನೂ ಜೊತೆಯಾಗಿ ಅರ್ಜಿ ಹಾಕಿದ್ದೇವೆ. ಅದು ಸಿಗುತ್ತದೋ ಇಲ್ಲವೋ ಎಂಬುದು ಈ ವಾರ ನಾವು ಕೊಡಬೇಕಾದ ಒಂದು ಉತ್ತರದ ಮೇಲೆ ನಿಂತಿದೆ. ನನ್ನ ಮನಸ್ಸಿನಲ್ಲಿ ಇರುವುದು ಅದೊಂದೇ. ಬೇರೆ ಏನು ಮಾತನಾಡಿದರೂ ನನಗೇ ರುಚಿಸುವುದಿಲ್ಲ. ಆದ್ದರಿಂದ ಅದನ್ನೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಆ ವಸ್ತು ಮೇಡಂ ಅವರ ಮುಂದೆ, ಹೂಗುಚ್ಛದ ಪಕ್ಕದಲ್ಲಿದೆ. ಬಳೆಗಿಂತ ದಪ್ಪ, ಲೋಟಕ್ಕಿಂತ ಗಿಡ್ಡ. ಎರಡು ನೀರಿನ ಪೈಪುಗಳನ್ನು ಸೇರಿಸುವ ಜಾಯಿಂಟು. ಬೋರ್‌ವೆಲ್ ನೀರನ್ನು ಒಂದು ಹೊಲದಿಂದ ಇನ್ನೊಂದಕ್ಕೆ ಒಯ್ಯಲು ನಾವು ಕರಿ ಪೈಪು ಎಳೆಯುತ್ತೇವೆ. ಎರಡು ಪೈಪು ಸೇರುವ ಕಡೆ ಏನು ಮಾಡುತ್ತೇವೆ? ಸೈಕಲ್ ಟ್ಯೂಬು ಕತ್ತರಿಸಿ ಸುತ್ತುತ್ತೇವೆ, ಮೇಲೆ ಬೈಂಡಿಂಗ್ ವೈರು ಬಿಗಿಯುತ್ತೇವೆ. ತ್ರೀ ಫೇಸ್ ಕರೆಂಟು ಬಂದು ಮೋಟಾರು ನೀರು ನೂಕಿದ ಕೂಡಲೇ ಅದು ಬಾಯಿ ಬಿಡುತ್ತದೆ. ಮತ್ತೆ ಕಟ್ಟುವವರು ಯಾರು? ಗಂಡಸರು ಮೋಟಾರಿನ ಹತ್ತಿರ ನಿಂತು ಕೂಗುತ್ತಾರೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಸರಿನಲ್ಲಿ ಕುಳಿತು ಕಟ್ಟುವವರು ನಾವು. “ಇನ್ನೂ ಆಗ್ಲಿಲ್ವೇನೇ?” ಎಂದು ಅಲ್ಲಿಂದ ನಮ್ಮ ಯಜಮಾನರು. “ಬಂದು ನೀವೇ ಕಟ್ಟಿ, ನಾನು ಅಲ್ಲಿ ನಿಂತ್ಕೊಂಡು ಕೂಗ್ತೀನಿ” ಎಂದು ಇಲ್ಲಿಂದ ನಾನು. ಹೆಣ್ಣುಮಕ್ಕಳು ನಗುತ್ತಿದ್ದೀರಿ, ಅಂದರೆ ನಿಮ್ಮ ಮನೆಗಳಲ್ಲೂ ಹಾಗೇ.

ನಮ್ಮ ಮನೆಯಲ್ಲಿ ಮುಚ್ಚಳ ಒಳಗಿನಿಂದ ಕೂರುವ ಕುಕ್ಕರು ಇದೆ. ಬೇಳೆ ಬೇಯುವಾಗ ಒಳಗಿನ ಆವಿಯೇ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಆವಿ ಹೆಚ್ಚಿದಷ್ಟೂ ಬಿಗಿ. ಒಂದು ದಿನ ಅದನ್ನೇ ನೋಡುತ್ತಾ ಕುಳಿತುಬಿಟ್ಟೆ. ನೀರಿಗೂ ಹೀಗೇ ಮಾಡಿದರೆ? ನಾವು ಹೊರಗಿನಿಂದ ಬಿಗಿಯುವ ಬದಲು, ಒಳಗಿನ ನೀರೇ ರಬ್ಬರನ್ನು ಒತ್ತಿ ಪೈಪಿಗೆ ಅಂಟಿಸಿದರೆ? ಆನಂದ ಆಗ ಇಲ್ಲೇ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಬರುತ್ತಿದ್ದ. ಅವನಿಗೆ ಹೇಳಿದೆ. “ಅತ್ಗೆ, ಬೇಳೆ ಸೀದೋಯ್ತಾ ಐತೆ, ಮೊದ್ಲು ಅದನ್ನ ಇಳಿಸಿ” ಎಂದ. ಆದರೆ ಸಂಜೆ ತಾನೇ ಬಂದು ಕೇಳಿದ, “ಬೆಳಿಗ್ಗೆ ಏನೋ ಅಂದ್ರಲ್ಲ, ಇನ್ನೊಂದ್ಸಲ ಹೇಳಿ.” ಆಮೇಲೆ ಎಷ್ಟು ಹಿತ್ತಾಳೆ ಕೊರೆದನೋ, ಎಷ್ಟು ತರದ ರಬ್ಬರು ತಂದನೋ! ಕೊನೆಗೆ ಕಾರ್ಖಾನೆಯ ಕೆಲಸವನ್ನೇ ಬಿಟ್ಟು ನಮ್ಮ ಹೊಲದಂಚಿನಲ್ಲಿ ಶೆಡ್ಡು ಹಾಕಿದ. ಯೋಚನೆ ನನ್ನದು, ಆಕಾರ ಅವನದು. ಅವನಿಲ್ಲದಿದ್ದರೆ ನನ್ನ ಯೋಚನೆ ಆ ಬೇಳೆಯ ಜೊತೆಗೇ ಸೀದುಹೋಗುತ್ತಿತ್ತು. ಈ ಶಾಲಿನಲ್ಲಿ ಅರ್ಧ ಅವನದು.

ನಮ್ಮ ಮನೆಯಲ್ಲಿ ಮೊದಲನೆಯದು ಏನು ಬಂದರೂ ಈಶ್ವರನ ಗುಡಿಗೆ. ಅವರೆಕಾಯಿ ಬಿಡಿಸಿದರೆ ಮೊದಲ ಬೊಗಸೆ, ಹೊಸ ರಾಗಿ ಬಂದರೆ ಮೊದಲ ಮೊರ. ಹಾಗೆ ಮೊದಲ ಜಾಯಿಂಟೂ ಗುಡಿಗೇ ಹೋಯಿತು. ಅಲ್ಲಿ ಮೇಲಿನ ತೊಟ್ಟಿಯಿಂದ ಅಭಿಷೇಕಕ್ಕೆ ನೀರು ಬರುವ ಪೈಪು ಸದಾ ಸೋರುತ್ತಿತ್ತು. ಹೋದ ವರ್ಷಕ್ಕೂ ಹಿಂದಿನ ವರ್ಷದ ಶಿವರಾತ್ರಿಯ ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚಿ ನಮ್ಮ ಜಾಯಿಂಟನ್ನು ಅದಕ್ಕೆ ಕೂರಿಸಿದೆವು. ಒಂದು ಹನಿ ಸೋರಲಿಲ್ಲ. ಪಕ್ಕದ ಗೋಡೆಗೆ ತಗಡಿನ ಬೋರ್ಡು ಹೊಡೆದೆವು: ‘ಈ ಪೈಪ್ ಜೋಡಣೆ ಶ್ರೀಮತಿ ಅನುಸೂಯಮ್ಮನವರ ಸೇವೆ.’ ಕೆಳಗೆ ಶಿವರಾತ್ರಿಯ ತಾರೀಖು. ಗುಡಿಗೆ ಗಡಿಯಾರ ಕೊಟ್ಟರೂ ಗಂಟೆ ಕೊಟ್ಟರೂ ಟ್ಯೂಬ್‌ಲೈಟು ಕೊಟ್ಟರೂ ನಮ್ಮ ಕಡೆ ಹೆಸರು, ತಾರೀಖು ಬರೆಸುತ್ತೇವಲ್ಲ, ಹಾಗೆ.

ನನ್ನ ಹೆಸರು ಅದಕ್ಕೆ ಮೊದಲು ಎಲ್ಲಿತ್ತು? ಮದುವೆಯ ಪತ್ರಿಕೆಯಲ್ಲಿ ಇತ್ತು, ರೇಷನ್ ಕಾರ್ಡಿನಲ್ಲಿ ಇದೆ. ಪಹಣಿಯಲ್ಲಿ ಮಾವನವರದು. ಡೇರಿಯಲ್ಲಿ ಯಜಮಾನರದು, ಹಾಲು ಕರೆಯುವವಳು ನಾನಾದರೂ. ಅದಿರಲಿ, ಅದು ಬೇರೆ ವಿಷಯ. ಗುಡಿಗೆ ಹೋದಾಗಲೆಲ್ಲ ಆ ಬೋರ್ಡನ್ನು ಸೆರಗಿನಿಂದ ಒಮ್ಮೆ ಒರೆಸುತ್ತೇನೆ. ಟಿಪ್ಪರ್ ಲಾರಿಗಳ ಧೂಳು ಬಹಳ.

ಅದೇ ವರ್ಷ ವೈಶಾಖದಲ್ಲಿ ಒಂದು ದಿನ ತೊಟ್ಟಿ ತುಂಬಿದ್ದಾಗ, ನೀರು ಸೋರಲಿಲ್ಲ, ಪೈಪೇ ಜಾಯಿಂಟಿನಿಂದ ಕಳಚಿಕೊಂಡಿತು. ಪೂಜಾರಿ ನರಸಿಂಹಯ್ಯನವರು ತಲೆಯಿಂದ ಕಾಲಿನವರೆಗೆ ನೆನೆದರು. “ಈಶ್ವರಂಗೆ ಅಂತ ತಂದ್ಯೋ, ನಂಗೇ ಅಭಿಷೇಕ ಮಾಡ್ಬೇಕು ಅಂತ ತಂದ್ಯೋ ತಾಯಿ?” ಎಂದರು. ಆಗ ನಮಗೆ ತಿಳಿಯಿತು: ರಬ್ಬರು ನೀರನ್ನು ಹಿಡಿಯುತ್ತದೆ, ಪೈಪನ್ನು ಹಿಡಿಯುವುದಿಲ್ಲ. ಹಸುವಿನ ಹಗ್ಗದ ಕುಣಿಕೆ ಎಳೆದಷ್ಟೂ ಬಿಗಿಯುತ್ತದಲ್ಲ, ಹಾಗೆ ಪೈಪನ್ನು ಎಳೆದಷ್ಟೂ ಕಚ್ಚಿಕೊಳ್ಳುವ ಒಂದು ಹಲ್ಲಿನ ಉಂಗುರವನ್ನು ಆನಂದ ಒಳಗೆ ಸೇರಿಸಿದ. ಒದ್ದೆ ಕೈಯಲ್ಲೇ ಕಾಲು ಸುತ್ತು ತಿರುಗಿಸಿದರೆ ಅದು ಬಿಡುತ್ತದೆ. ಮೇಡಂ ಮುಂದೆ ಇರುವುದು ಇದು, ಉಂಗುರ ಇರುವ ಎರಡನೆಯದು. ಗುಡಿಯಲ್ಲಿರುವುದು ಮೊದಲನೆಯದು.

ಆಷಾಢದಲ್ಲಿ ಅರ್ಜಿ ಹಾಕಿದೆವು. ಮುಂದಿನ ಸಾಲಿನಲ್ಲಿ ಕುಳಿತಿರುವ ಅಶೋಕ್ ಸರ್ ನಮ್ಮ ಪೇಟೆಂಟ್ ಏಜೆಂಟರು. ಅವರು ಅವತ್ತೇ ಕೇಳಿದ್ದರು, “ಇದನ್ನ ಎಲ್ಲಾದರೂ ಮಾರಿದೀರಾ? ಜನಕ್ಕೆ ತೋರಿಸಿದೀರಾ?” ಇಲ್ಲ ಸಾರ್ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಬೇಕೆಂದು ಮುಚ್ಚಿಟ್ಟಿದ್ದಲ್ಲ. ದೇವರಿಗೆ ಕೊಟ್ಟದ್ದು ಜನಕ್ಕೆ ತೋರಿಸಿದ ಹಾಗೆ ಎಂದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಗುಡಿಯನ್ನು ಯಾರಾದರೂ ಅಂಗಡಿಯ ಸಾಲಿನಲ್ಲಿ ಸೇರಿಸುತ್ತಾರೆಯೇ? ಕಾನೂನು ಸೇರಿಸುತ್ತದೆ. ಅದಕ್ಕೆ ಅದರದೇ ನ್ಯಾಯ ಇದೆ, ಬೈಯುವುದಿಲ್ಲ. ಅರ್ಜಿ ಹಾಕುವ ಮೊದಲೇ ಎಲ್ಲರ ಕಣ್ಣೆದುರು ಬಳಕೆಯಲ್ಲಿದ್ದ ವಸ್ತು ಹೊಸದಲ್ಲ ಎನ್ನುತ್ತದೆ.

ಪೈಪು ಮಾಡುವ ಒಂದು ದೊಡ್ಡ ಕಂಪನಿಯವರು ನಮಗೆ ಪೇಟೆಂಟ್ ಕೊಡಬಾರದು ಎಂದು ತಕರಾರು ಹಾಕಿದರು. ಅದಕ್ಕೆ ಮೊದಲು ಅವರ ಕಡೆಯ ಒಬ್ಬರು ನಮ್ಮ ಗುಡಿಗೆ ಬಂದು, ಮಂಗಳಾರತಿ ತೆಗೆದುಕೊಂಡು, ಜಾಯಿಂಟಿನ ಫೋಟೋ ತೆಗೆದರು, ಬೋರ್ಡಿನ ಫೋಟೋ ತೆಗೆದರು. ದೂರದಿಂದ ಬಂದಿದ್ದಾರೆ, ಬಿಸಿಲು ಬೇರೆ, ಎಂದು ಪಾನಕ ಕೊಟ್ಟವಳು ನಾನೇ. “ತುಂಬ ಚೆನ್ನಾಗಿದೆ ಅಮ್ಮ” ಎಂದರು. ಪಾನಕವೋ ಜಾಯಿಂಟೋ, ಹೇಳಲಿಲ್ಲ.

ತಕರಾರಿನ ಜೊತೆ ಆ ಫೋಟೋಗಳೂ ನಮಗೆ ಬಂದವು, ಇದಕ್ಕೆ ಉತ್ತರ ಕೊಡಿ ಎಂದು. ಅಶೋಕ್ ಸರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. “ಅಮ್ಮ, ಒಂದು ದಾರಿ ಇದೆ. ಸರಿಯಾಗಿ ಕೆಲಸ ಮಾಡತ್ತಾ ಅಂತ ಪರೀಕ್ಷೆ ಮಾಡೋಕೆ ಮಾತ್ರ ಹಾಕಿದ್ದರೆ ಕಾನೂನು ಸ್ವಲ್ಪ ಸಡಿಲ ಬಿಡತ್ತೆ. ಆದರೆ ಅದು ನಿಜವಾಗಿದ್ದರೆ ಮಾತ್ರ ಬರೆಯೋಣ. ಯಾಕೆ ಹಾಕಿದ್ರಿ ಅಂತ ನೀವೇ ಹೇಳಬೇಕು.”

ಅಲ್ಲಿಂದ ಮನೆಗೆ ಬರುವ ದಾರಿಯುದ್ದಕ್ಕೂ ನನಗೂ ಆನಂದನಿಗೂ ಇದೇ ಮಾತು.

“ಪರೀಕ್ಷೆಗೇ ಅಂತ ಬರ್ಕೊಟ್ಬಿಡಿ ಅತ್ಗೆ. ನೀವು ದಿನಾ ಹೋಗಿ ಸೋರ್ತದಾ ಅಂತ ನೋಡ್ತಿರ್ಲಿಲ್ವಾ?”

“ನೋಡ್ತಿದ್ದೆ ಕಣಪ್ಪ. ಆದ್ರೆ ಕೊಟ್ಟಿದ್ದು ಸೇವೆಗೆ.”

“ದೇವ್ರೇನು ಪೇಟೆಂಟ್ ಆಫೀಸಿಗೆ ಬಂದು ಸಾಕ್ಷಿ ಹೇಳ್ತಾನಾ?”

“ಅವ್ನು ಬರಲ್ಲ. ಸೋಮವಾರ ನಾನು ಹೋಗ್ಬೇಕಲ್ಲಪ್ಪ ಅವನ ಹತ್ರ.”

“ಆಯ್ತು, ಹೋಗಿ. ನಾನು ಶೆಡ್ಡಿಗೆ ಬೀಗ ಹಾಕ್ಕೊಂಡು ಮತ್ತೆ ಕಾರ್ಖಾನೆಗೆ ಹೋಗ್ತೀನಿ.”

ಅವನು ಸಿಟ್ಟಿನಲ್ಲಿ ಹೇಳಿದ. ಆದರೆ ಅದು ಬರೀ ಸಿಟ್ಟಿನ ಮಾತಲ್ಲ. ಹಕ್ಕು ನಮಗೆ ಸಿಗದಿದ್ದರೆ ಆ ಕಂಪನಿಯವರು ಇದನ್ನೇ ಮಾಡಿ ಪ್ರತಿ ಅಂಗಡಿಗೂ ಇಳಿಸುತ್ತಾರೆ. ಆಗ ನಮ್ಮ ಶೆಡ್ಡಿನಲ್ಲಿ ರಬ್ಬರು ಕೂರಿಸುವ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಅವರೂ ಇಲ್ಲೇ ಕುಳಿತಿದ್ದಾರೆ. ದೇವರ ಹೆಸರು ಹೇಳಿ ಅವರ ಅನ್ನ ಕಳೆಯುವುದಕ್ಕೆ ನಾನು ಯಾರು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು, ಈಗಲೂ ಕಾಡುತ್ತಿದೆ.

ನನಗೇ ಅನುಮಾನ ಬಂತು. ಕೊಟ್ಟಿದ್ದು ನಿಜವಾಗಿ ಸೇವೆಗೋ, ಪರೀಕ್ಷೆಗೋ? ಹೋದ ಸೋಮವಾರ ಗುಡಿಗೆ ಹೋಗಿ ನರಸಿಂಹಯ್ಯನವರನ್ನೇ ಕೇಳಿದೆ. “ನೀನು ಬಂದ್ರೆ ಮೊದ್ಲು ಪೈಪ್ ಮುಟ್ಟಿ ನೋಡ್ತಿದ್ದೆ, ಆಮೇಲೆ ಕೈ ಮುಗೀತಿದ್ದೆ ತಾಯಿ. ಅದಕ್ಕೆ ಏನಂತಾರೋ ನಂಗೊತ್ತಿಲ್ಲ. ಹೆಂಗ್ ಬರೀಬೇಕು ಹೇಳು, ಹಂಗೇ ಬರ್ದು ಸಹಿ ಹಾಕ್ಕೊಡ್ತೀನಿ” ಎಂದರು. ಒಳ್ಳೆಯ ಮನುಷ್ಯ. ಆದರೆ ಅವರು ಹಾಗೆ ಅಂದದ್ದೇ ನನಗೆ ಸಂಕಟವಾಯಿತು. ಪೂಜೆ ಮಾಡುವವರ ಕೈಯಲ್ಲಿ ನಾನು ಏನು ಬರೆಸಲು ಹೊರಟಿದ್ದೇನೆ?

ಸುಮ್ಮನೆ ಜಾಯಿಂಟಿನ ಹತ್ತಿರ ಹೋಗಿ ನಿಂತೆ. ಅವತ್ತು ಕಳಚಿಕೊಂಡ ಮೇಲೆ ಪೂಜಾರಿಗಳು ಅದಕ್ಕೊಂದು ಸೆಣಬಿನ ಹಗ್ಗ ಕಟ್ಟಿಕೊಂಡಿದ್ದಾರೆ. ಆಗಾಗ ಸಡಿಲವಾದರೆ ತಾವೇ ಬಿಗಿದುಕೊಳ್ಳುತ್ತಾರೆ. ನಮ್ಮ ಶೆಡ್ಡಿನಲ್ಲಿ ಉಂಗುರ ಇರುವ ಜಾಯಿಂಟು ರಾಶಿ ಬಿದ್ದಿದೆ. ಒಂದು ತಂದು ಹಾಕಿದ್ದರೆ ಆಗುತ್ತಿತ್ತು. ನಾವಿಬ್ಬರೂ ಏಕೆ ಹಾಕಲಿಲ್ಲ? ಪರೀಕ್ಷೆಗೆ ಇಟ್ಟ ವಸ್ತುವಾಗಿದ್ದರೆ, ಕೆಟ್ಟ ದಿನವೇ ಕಿತ್ತು ತರುತ್ತಿದ್ದೆವು, ಬಿಚ್ಚಿ ನೋಡುತ್ತಿದ್ದೆವು, ಸರಿ ಮಾಡುತ್ತಿದ್ದೆವು. ಕಿತ್ತು ತರಬೇಕು ಅನ್ನುವುದು ನನಗೂ ತೋಚಲಿಲ್ಲ, ಆನಂದನಿಗೂ ತೋಚಲಿಲ್ಲ. ಕೊಟ್ಟದ್ದನ್ನು ವಾಪಸು ತರುವುದು ಹೇಗೆ ಎಂದು ಇಬ್ಬರೂ ಹಾಗೇ ಬಿಟ್ಟಿದ್ದೆವು. ಅಲ್ಲಿಗೆ ನನ್ನ ಅನುಮಾನ ಮುಗಿಯಿತು. ಅದು ಸೇವೆ. ನಾನು ದಿನಾ ಮುಟ್ಟಿ ನೋಡುತ್ತಿದ್ದುದು ನನ್ನ ಚಪಲ.

ಅದನ್ನು ಅಶೋಕ್ ಸರ್‌ಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದರು, “ಗುಡಿಯದರಲ್ಲಿ ಹಲ್ಲಿನ ಉಂಗುರ ಇಲ್ಲ ಅಲ್ವಾ ಅಮ್ಮ?” ಇಲ್ಲ ಎಂದೆ. “ಉಂಗುರ ಹಾಕಿದ್ದನ್ನ ಅರ್ಜಿಗೆ ಮೊದಲು ಬೇರೆ ಯಾರಿಗೂ ಕೊಟ್ಟಿಲ್ಲವಾ?” ದೇವರಾಣೆಗೂ ಇಲ್ಲ ಎಂದೆ. ಹಾಗಾದರೆ ಮೊದಲನೆಯ ಜಾಯಿಂಟಿನ ಹಕ್ಕನ್ನು ನಾವೇ ಬಿಟ್ಟುಕೊಟ್ಟು, ರಬ್ಬರಿನ ಜೊತೆ ಉಂಗುರವೂ ಇರುವ ಎರಡನೆಯದಕ್ಕೆ ಮಾತ್ರ ಕೇಳಬಹುದು ಎಂದರು. ಸಿಕ್ಕೇ ಸಿಗುತ್ತದೆ ಎನ್ನಲಿಲ್ಲ. ಮೊದಲನೆಯದನ್ನು ಯಾರು ಬೇಕಾದರೂ ಮಾಡಿಕೊಳ್ಳುತ್ತಾರೆ, ಆ ಕಂಪನಿಯೂ ಮಾಡಿಕೊಳ್ಳುತ್ತದೆ, ಅದಕ್ಕೆ ತಯಾರಾಗಿರಿ ಎಂದರು.

ಮಾಡಿಕೊಳ್ಳಲಿ. ಈಶ್ವರನಿಗೆ ಕೊಟ್ಟದ್ದು ಊರಿಗೆಲ್ಲ ಕೊಟ್ಟ ಹಾಗೆ. ಪಾನಕ ಕುಡಿದವರೂ ಊರಿನವರ ಲೆಕ್ಕವೇ ಆಗಲಿ.

ಇದಕ್ಕೆ ಆನಂದ ಇನ್ನೂ ಒಪ್ಪಿಲ್ಲ. ಹೋದ ಸೋಮವಾರದಿಂದ ನನ್ನ ಜೊತೆ ಸರಿಯಾಗಿ ಮಾತನಾಡಿಲ್ಲ. ಅರ್ಜಿ ಇಬ್ಬರದು, ಸಹಿಯೂ ಇಬ್ಬರದಾಗಬೇಕು. ಅವನು ಮೂರನೆಯ ಸಾಲಿನಲ್ಲಿ ಕುಳಿತು ಫ್ಯಾನು ನೋಡುತ್ತಿದ್ದಾನೆ. ನೋಡಪ್ಪಾ ಆನಂದ, ಸಭೆಯಲ್ಲಿ ಹೇಳಿ ನಿನ್ನ ಕೈ ಕಟ್ಟಿಹಾಕಿದೆ ಎಂದುಕೊಳ್ಳಬೇಡ. ಇಷ್ಟು ಜನ ನಮಗೆ ಚಪ್ಪಾಳೆ ತಟ್ಟಿದರು. ಯಾವುದಕ್ಕೆ ತಟ್ಟುತ್ತಿದ್ದೇವೆ ಎಂದು ಅವರಿಗೆ ತಿಳಿಯಬೇಕಲ್ಲವೇ? ಆ ಉಂಗುರ ಪೂರ್ತಿ ನಿನ್ನ ಬುದ್ಧಿ. ಇನ್ನು ಮುಂದೆ ನಾವು ಕೇಳುವುದು ಹೆಚ್ಚಾಗಿ ನಿನ್ನದಕ್ಕೆ, ನನ್ನದಕ್ಕಲ್ಲ. ಉತ್ತರದಲ್ಲಿ ನಿನ್ನ ಹೆಸರನ್ನು ಮೇಲೆ ಹಾಕಿಸಿದ್ದೇನೆ.

ಅಧ್ಯಕ್ಷರೇ, ಮುಗಿಸುತ್ತೇನೆ. ನನ್ನಂಥ ಹಳ್ಳಿ ಸ್ಕೂಲಿನಲ್ಲಿ ಓದಿದವಳನ್ನು ಕರೆದು ಗೌರವಿಸಿದ್ದೀರಿ, ಉಪಕಾರ. ಆ ಬ್ಯಾನರನ್ನು ಊಟದ ಹೊತ್ತಿಗೆ ಬಿಚ್ಚಿಸಿಬಿಡಿ. ಸಂಘಮಿತ್ರ ಮೇಡಂ, ನಿಮ್ಮ ಕಾಲೇಜಿನ ಹೆಣ್ಣುಮಕ್ಕಳು ಏನಾದರೂ ಹೊಸದು ಮಾಡಿದರೆ ಮೊದಲು ಅರ್ಜಿ, ಆಮೇಲೆ ಆರತಿ ಎಂದು ಹೇಳಿಕೊಡಿ. ಕೇಳಿದ ನಿಮಗೆಲ್ಲರಿಗೂ ನನ್ನ ನಮಸ್ಕಾರ.

ಆನಂದ, ಅಶೋಕ್ ಸರ್ ಊಟ ಮುಗಿಸಿ ಬೆಂಗಳೂರಿಗೆ ಹೊರಡುತ್ತಾರೆ. ಉತ್ತರವನ್ನು ನಿನ್ನ ಹೆಂಡತಿ ಚೈತ್ರ ಟೈಪು ಮಾಡಿಕೊಟ್ಟಿದ್ದಾಳೆ, ನಾನೇ ಕೇಳಿಕೊಂಡೆ, ಅವಳ ಮೇಲೆ ರೇಗಬೇಡ. ಹೊರಗೆ ನಿನ್ನ ಗಾಡಿಯ ಡಿಕ್ಕಿಯಲ್ಲೇ ಇಟ್ಟಿದ್ದೇನೆ. ಅಲ್ಲೇ ನಿಂತು ನಿಧಾನವಾಗಿ ಓದು. ಒಪ್ಪಿಗೆಯಾದರೆ ಸಹಿ ಹಾಕು. ಇಲ್ಲದಿದ್ದರೆ ಖಾಲಿ ಬಿಡು, ಇಬ್ಬರೂ ಕೂತು ಮತ್ತೆ ಬರೆಯೋಣ. ಹೇಗಾದರೂ ಸರಿ, ಆ ಉತ್ತರವನ್ನು ನನ್ನ ಕೈಗೆ ತಂದುಕೊಡಪ್ಪ.