ಜವರನ ಭರಣಿ, ಏಳು ಬಟ್ಟಲು

ಹತ್ತಿರ ಬನ್ನಿ. ಕೂತವರು ಕೂತಿರಿ, ಒರಗಿದವರು ಒರಗಿರಿ, ಮಧ್ಯೆ ಎದ್ದು ಮಾತ್ರ ಹೋಗಬೇಡಿ. ತೆರೆದ ಕಥೆಯನ್ನು ಅರ್ಧಕ್ಕೆ ಬಿಟ್ಟರೆ ಕೆಡುತ್ತದೆ.

ಒಂದು ನಾಡು. ಅದರ ಹೆಸರು ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ. ಆ ನಾಡಿನಲ್ಲಿ ಒಂದು ಬೆಟ್ಟ. ಬೆಟ್ಟದ ನೆತ್ತಿಯಲ್ಲಿ ಒಂದು ಮನೆ. ಮನೆಯ ಮುಂದೆ ಒಂದು ಸೇಬಿನ ಮರ. ಮನೆಯೊಳಗೆ ಒಬ್ಬ ಮನುಷ್ಯ. ಅವನ ಹೆಸರು ಜವರ.

ಒಂದು ಕಾಲಕ್ಕೆ ಆ ಮನೆಯಲ್ಲಿ ಏಳು ಜನ ಇದ್ದರು. ಅಜ್ಜ ಮರದಲ್ಲಿ ಕೆತ್ತಿದ ಏಳು ಬಟ್ಟಲುಗಳಿದ್ದವು, ಒಬ್ಬರಿಗೆ ಒಂದು. ಆಮೇಲೆ ಕೆಲವರು ಮಣ್ಣಿಗೆ ಹೋದರು. ಕೆಲವರು ಮದುವೆಯಾಗಿ ದೂರದ ಊರಿಗೆ ಹೋದರು. ಕೊನೆಗೆ ಅವ್ವ ಸಾಕವ್ವನೂ ಹೋದಳು. ಬಟ್ಟಲು ಏಳೂ ಉಳಿದವು. ಜವರ ಅವನ್ನು ಹಲಗೆಯ ಮೇಲೆ ಬೋರಲು ಹಾಕಿ, ತಾನು ಎಲೆಯಲ್ಲಿ ಉಂಡ. ಯಾಕೆ? ಒಂದು ಬಟ್ಟಲು ತೆಗೆದರೆ ಉಳಿದ ಆರು ಎದ್ದು ಕಾಣುತ್ತಿದ್ದವು.

ಮರಕ್ಕೆ ಇದೆಲ್ಲ ಗೊತ್ತಾಗುತ್ತದೆಯೇ? ಅದು ಏಳು ಜನಕ್ಕೆ ಬಿಡುತ್ತಿದ್ದಷ್ಟೇ ಹಣ್ಣು ಬಿಟ್ಟಿತು. ಜವರ ವರ್ಷವೂ ಅವ್ವನ ಹಾಗೇ ಪಾಕ ಮಾಡಿದ. ಸೇಬಿನ ಸಿಪ್ಪೆ ತೆಗೆದು ಬೆರಳ ದಪ್ಪಕ್ಕೆ ಹೆಚ್ಚಿದ. ಬೆಲ್ಲ ಹಾಕಿದ. ಚಕ್ಕೆ, ಲವಂಗ, ಒಂದು ತುಂಡು ಒಣಶುಂಠಿ ಹಾಕಿದ. ಹೋಳು ಮೆತ್ತಗಾಗಬೇಕು, ಕರಗಬಾರದು. ಅಲ್ಲಿಗೆ ಇಳಿಸಿದ.

ಅವ್ವ ಹೇಳಿಕೊಟ್ಟದ್ದು ಮೂರು ಮಾತು. ಬಿಸಿಯಿದ್ದಾಗಲೇ ಭರಣಿಗೆ ತುಂಬು. ಬಾಯಿತನಕ ತುಂಬಿ ಮೇಣ ಹಾಕು, ಗಾಳಿಗೆ ಜಾಗ ಕೊಡಬೇಡ. ಒಂದು ಸಲ ತೆರೆದರೆ ಮೂರು ದಿನದಲ್ಲಿ ಮುಗಿಸು.

ಮೊದಲಿನ ಎರಡು ಸುಲಭ. ಮೂರನೆಯದು? ಅಷ್ಟು ದೊಡ್ಡ ಭರಣಿಯನ್ನು ಒಬ್ಬ ಮನುಷ್ಯ ಮೂರು ದಿನದಲ್ಲಿ ಹೇಗೆ ಮುಗಿಸುತ್ತಾನೆ? ಆಗುವುದಿಲ್ಲ. ಹಾಗಾಗಿ ಜವರ ತೆರೆಯಲಿಲ್ಲ. ಭರಣಿಗಳು ಅಟ್ಟ ಸೇರಿದವು.

ಪ್ರತಿ ಸುಗ್ಗಿಗೆ ಕುಂಬಾರ ನಂಜ ಹೊಸ ಭರಣಿ ಹೊತ್ತು ಬರುತ್ತಿದ್ದ. ಬಂದವನು ಕೇಳುತ್ತಿದ್ದ, "ಜವರಣ್ಣ, ಬರೋ ವರ್ಷ ಚಿಕ್ಕದೊಂದು ಮಾಡ್ಲಾ? ಒಬ್ರಿಗೆ ಸಾಕಾಗೋವಂಥದ್ದು?"

"ಬೇಡ. ದೊಡ್ಡದೇ ಇರ್ಲಿ."

ಚಿಕ್ಕ ಭರಣಿ ತಂದಿಟ್ಟರೆ ಏನರ್ಥ? ಇನ್ನು ಈ ಮನೆಗೆ ಯಾರೂ ಬರುವುದಿಲ್ಲ ಎಂದು ತಾನೇ ಒಪ್ಪಿದ ಹಾಗೆ. ಹಾಗನ್ನಲು ಜವರನಿಗೆ ಬಾಯಿ ಬರಲಿಲ್ಲ.

ಬಂದವರೇ ಇಲ್ಲ ಅಂತಲ್ಲ, ಕೇಳಿ. ಒಂದು ದಿನ ಕುರಿ ಕಾಯುವ ಕಾಳಿಂಗ ಬಂದ. ಅಟ್ಟ ನೋಡಿದ, ಮೂಗರಳಿಸಿದ. "ಒಂದು ಸೌಟು ಕೊಡಣ್ಣ, ಬಾಯೆಲ್ಲ ಸಪ್ಪೆ."

ಜವರ ಎಣಿಸಿದ. "ನೀನೊಬ್ಬ, ನಾನೊಬ್ಬ. ಮುಗಿಯಲ್ಲ ಕಾಳಿಂಗ, ಕೆಟ್ಟೋಗ್ತದೆ. ಏಳು ಜನ ಆಗಿದ್ರೆ ತೆಗೀತಿದ್ದೆ."

ಇನ್ನೊಂದು ದಿನ ಕಂಬಳಿ ಮಾರುವ ಗಂಡಹೆಂಡಿರು ಬಂದರು. ಜವರ ಎಣಿಸಿದ. "ನೀವಿಬ್ರು, ನಾನೊಬ್ಬ. ಏಳು ಜನ ಆಗಿದ್ರೆ ತೆಗೀತಿದ್ದೆ."

ಮತ್ತೊಂದು ದಿನ ಸೌದೆಗೆ ಬಂದ ಮೂವರು ಹೆಂಗಸರು ಜಗಲಿಯಲ್ಲಿ ಕೂತರು. ಜವರ ಎಣಿಸಿದ. "ನೀವು ಮೂವರು, ನಾನೊಬ್ಬ. ಇನ್ನೂ ಮೂವರು ಬೇಕಲ್ಲ ತಾಯೀ."

"ಮಿಕ್ಕ ಮೂವರನ್ನ ನಿನ್ನ ಸೇಬಿನ ಮರದಿಂದ ಉದುರಿಸ್ಕೊ," ಎಂದು ಒಬ್ಬಳು ಹೊರೆ ಎತ್ತಿದಳು.

ಬೆಟ್ಟದ ಕೆಳಗೆ ಮಾತು ಹಬ್ಬಿತು. ಜವರ ಪಾಕವನ್ನು ಯಮನಿಗೆ ಇಟ್ಟಿದ್ದಾನಂತೆ. ಬಂದಾಗ ತಿನ್ನಿಸಿ ಕಳಿಸುತ್ತಾನಂತೆ. ಆಮೇಲೆ ಸುಗ್ಗಿಗೊಮ್ಮೆ ಬರುವ ನಂಜನನ್ನು ಬಿಟ್ಟರೆ ಯಾರೂ ಹತ್ತಲಿಲ್ಲ. ಕಾಲುದಾರಿಯಲ್ಲಿ ಹುಲ್ಲು ಬೆಳೆಯಿತು.

ಹೀಗಿರುವಾಗ ಒಂದು ಬೆಳಗ್ಗೆ ಅಟ್ಟದಿಂದ ಚಕ್ಕೆಯ ವಾಸನೆ ಇಳಿದು ಬಂತು. ಜವರ ಏಣಿ ಹತ್ತಿ ನೋಡಿದರೆ, ಒಂದು ಭರಣಿಯ ಮೇಣ ಬಿರುಕು ಬಿಟ್ಟಿದೆ. ಯಾವ ಭರಣಿ? ಅವ್ವ ತುಂಬಿದ ಕೊನೆಯ ಭರಣಿ.

ಗಾಳಿ ಒಳಗೆ ಹೋಯಿತು. ಇನ್ನು ಮೂರೇ ದಿನ. ಅವ್ವನ ಕೈಯ ಅಡುಗೆ ಲೋಕದಲ್ಲಿ ಉಳಿದದ್ದು ಅಷ್ಟೇ. ಅದು ಹುಳಿ ಬಂದು ತಿಪ್ಪೆಗೆ ಬೀಳಬೇಕೇ?

ಮೊದಲನೆಯ ದಿನ ಜವರ ಬಾಗಿಲು ತೆರೆದು, ಭರಣಿ ಮುಂದಿಟ್ಟುಕೊಂಡು ಕಾದ. ಒಬ್ಬನೇ ತಿಂದ. ಹೊಟ್ಟೆ ಬಿಗಿಯುವವರೆಗೆ ತಿಂದ. ಯಾರೂ ಬರಲಿಲ್ಲ. ಪಾಕ ಭರಣಿಯ ಕುತ್ತಿಗೆಯಷ್ಟು ಮಾತ್ರ ಇಳಿದಿತ್ತು.

ಎರಡನೆಯ ದಿನ ಮುತ್ತುಗದೆಲೆಯ ದೊನ್ನೆ ಕಟ್ಟಿ, ಭರಣಿ ತಲೆಯ ಮೇಲಿಟ್ಟುಕೊಂಡು ಊರಿಗೆ ಇಳಿದ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಕೊಟ್ಟ.

"ಏನ್ ಜವರಣ್ಣ, ಯಮ ಬ್ಯಾಡ ಅಂದ್ನಾ?"

"ತಿನ್ನಪ್ಪ. ಅವ್ವ ಮಾಡಿದ್ದು."

ತಿಂದರು. ಬೆರಳು ನೆಕ್ಕಿದರು. ದೊನ್ನೆ ಎಸೆದರು, ತಮ್ಮ ತಮ್ಮ ಕೆಲಸಕ್ಕೆ ಹೋದರು. ಎಸೆದ ದೊನ್ನೆಗೂ ಕೊಟ್ಟವನಿಗೂ ಏನು ಸಂಬಂಧ? ಜವರ ಮರಳಿ ಬೆಟ್ಟ ಹತ್ತಿದ. ಮನೆ ನಿನ್ನೆಗಿಂತ ಹೆಚ್ಚು ಸುಮ್ಮನಿತ್ತು. ಇಡೀ ದಿನ ಜನರ ದನಿ ಕೇಳಿದ ಕಿವಿಯಲ್ಲವೇ.

ಮೂರನೆಯ ದಿನ ನೋಡಿದರೆ ಭರಣಿಯ ತಳದಲ್ಲಿ ಇನ್ನೂ ಉಳಿದಿತ್ತು. ದೊನ್ನೆಗೆ ಎಲೆ ಇರಲಿಲ್ಲ. ಜವರ ಹಲಗೆಯ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಏಳು ಬಟ್ಟಲನ್ನೂ ತೆಗೆದು, ತೊಳೆದು, ಒರೆಸಿ, ಏಳಕ್ಕೂ ಸಮನಾಗಿ ಬಡಿಸಿದ. ಭರಣಿ ಖಾಲಿಯಾಯಿತು. ತನ್ನದನ್ನು ತಾನು ತಿಂದ. ಆರನ್ನು ಬುಟ್ಟಿಯಲ್ಲಿಟ್ಟು ಇಳಿದ.

ಕಾಳಿಂಗನ ಮನೆಗೆ ಒಂದು. ಕುಂಬಾರ ನಂಜನ ಮನೆಗೆ ಒಂದು. ಸೌದೆಯ ಹೆಂಗಸರ ಮನೆಗಳಿಗೆ ಒಂದೊಂದು. ಕಾಳಿಂಗನ ಹೆಂಡತಿ ಪುಟ್ಟೀರಿ ಬಟ್ಟಲು ಹಿಡಿದು ಕೇಳಿದಳು, "ಬಟ್ಟಲು ಈಗ್ಲೇ ಬೇಕಾ ಅಣ್ಣ?"

"ನಿಧಾನಕ್ಕೆ ಕೊಡವ್ವ."

ಕೊನೆಯ ಬಟ್ಟಲನ್ನು ಊರಾಚೆ ಹೋಗುತ್ತಿದ್ದ ಯಾರೋ ದಾರಿಹೋಕರ ಕೈಗಿಟ್ಟ. ಹೆಸರು ಕೇಳಲಿಲ್ಲ.

ಅವ್ವನ ಮಾತು ಉಳಿಯಿತು. ಒಂದು ಸೌಟೂ ಕೆಡಲಿಲ್ಲ. ಆದರೆ ಕೇಳಿ, ಜವರ ಮನೆಗೆ ಬಂದು ಹಲಗೆ ನೋಡಿದ. ಒಂದು ಬಟ್ಟಲು, ಆರು ಖಾಲಿ ಜಾಗ. ಇಷ್ಟು ದಿನ ಜನ ಇರಲಿಲ್ಲ, ಬಟ್ಟಲಾದರೂ ಇದ್ದವು. ಈಗ ಅವೂ ಇಲ್ಲ.

ಹುಣ್ಣಿಮೆ ಬಂತು, ಹೋಯಿತು. ಅಮಾವಾಸ್ಯೆ ಬಂತು, ಹೋಯಿತು. ಒಂದು ಬಟ್ಟಲೂ ಬರಲಿಲ್ಲ. ಕೊಟ್ಟದ್ದು ಹೋಯಿತು ಅಂದುಕೊಂಡ. ಸಂಜೆ ಬಾಗಿಲು ಹಾಕುವಾಗ ಮಾತ್ರ ದಾರಿಯ ಕಡೆ ಒಮ್ಮೆ ನೋಡುತ್ತಿದ್ದ.

ಒಂದು ಬೆಳಗ್ಗೆ ಅಂಗಳದಲ್ಲಿ ದನಿ ಕೇಳಿತು. ಪುಟ್ಟೀರಿ ನಿಂತಿದ್ದಳು. ಕೈಯಲ್ಲಿ ಬಟ್ಟಲು, ಅದರ ಮೇಲೆ ಬಾಳೆಲೆಯ ತುಂಡು. ಹಿಂದೆ ಅವಳ ಮಕ್ಕಳು, ಅವರ ಹಿಂದೆ ಏದುಸಿರು ಬಿಡುತ್ತ ಕಾಳಿಂಗ.

"ತಡವಾಯ್ತಣ್ಣ, ಬೈಕೋಬ್ಯಾಡ," ಎಂದಳು. "ಖಾಲಿ ಬಟ್ಟಲು ಹೆಂಗ್ ತರಾದು? ಮನೇಲಿ ಅಂಥದ್ದೇನೂ ಇರ್ಲಿಲ್ಲ. ಎಮ್ಮೆ ಕರು ಹಾಕ್ಲಿ ಅಂತ ಕಾದೆ. ತಗೋ, ಗಿಣ್ಣು."

ಜವರ ಬಾಳೆಲೆ ಸರಿಸಿ ನೋಡಿದ. ಆಮೇಲೆ ಅಂದ, "ಇದು ಒಬ್ಬನಿಗೆ ಜಾಸ್ತಿ ಆಯ್ತು."

"ಗೊತ್ತು. ಅದಕ್ಕೇ ಇವರನ್ನೂ ಕರ್ಕೊಂಡ್ ಬಂದೆ. ಗಿಣ್ಣು ನಾಳೆಗೆ ಇರಲ್ಲ."

"ಉಳಿದವರು?"

"ಅವರೂ ಬತ್ತಾರೆ. ನಂಜನ ಹೆಂಡ್ತಿ ಅವರೆಕಾಯಿ ಬಲೀಲಿ ಅಂತ ಕಾಯ್ತಾವ್ಳೆ. ಬರಿಗೈಲಿ ಬರಾಕೆ ಎಲ್ರಿಗೂ ನಾಚಿಕೆ."

ಜವರ ಏಣಿ ಹತ್ತಿದ. ಒಂದು ಭರಣಿ ಇಳಿಸಿದ. ಮೇಣಕ್ಕೆ ಚಾಕು ಹಾಕಿದ.

"ತಡಿ ಜವರಣ್ಣ," ಎಂದ ಕಾಳಿಂಗ. "ಏಳು ಜನ ಆಗ್ಲಿಲ್ವಲ್ಲ?"

"ಮೂರು ದಿನ ಅದೆ," ಎಂದ ಜವರ. "ಬತ್ತಾರೆ."

ಬಂದರು. ಕೆಲವರು ಆ ಮೂರು ದಿನದಲ್ಲೇ, ಉಳಿದವರು ಆಮೇಲೆ ಒಬ್ಬೊಬ್ಬರಾಗಿ ಬಂದರು, ಅವರವರ ಮನೆಯಲ್ಲಿ ಏನಾದರೂ ಒದಗಿದಾಗ. ತಂದದ್ದು ತಿಂದರು, ಪಾಕ ತಿಂದರು, ಹೊತ್ತು ಇಳಿಯುವಾಗ ಬೆಟ್ಟ ಇಳಿದರು. ರಾತ್ರಿಗೆ ಜವರ ಒಬ್ಬನೇ. ಅದು ಮೊದಲಿನ ಹಾಗೇ. ಹಲಗೆಯ ಮೇಲೆ ಮಾತ್ರ ಆರು ಬಟ್ಟಲು, ಒಂದು ಖಾಲಿ ಜಾಗ.

ಮುಂದಿನ ಸುಗ್ಗಿಗೆ ನಂಜ ಕೇಳಿದ, "ಚಿಕ್ಕದೊಂದು ಮಾಡ್ಲಾ ಅಣ್ಣ?"

"ಬೇಡ. ದೊಡ್ಡದೇ ಇರ್ಲಿ. ಒಂದು ಬಟ್ಟಲು ಇನ್ನೂ ಬರಬೇಕು."

ಆ ಬಟ್ಟಲು ಇವತ್ತಿಗೂ ಬಂದಿಲ್ಲ. ಅವತ್ತಿನಿಂದ ಆ ಮನೆಯ ಬಾಗಿಲೂ ಹಾಕಿಲ್ಲ. ಕಥೆ ಕೇಳಿದವರೇ, ಮನೆಗೆ ಹೋಗಿ ಅಟ್ಟ ನೋಡಿ, ಮೂಲೆ ನೋಡಿ, ಮಡಕೆಯ ಹಿಂದೆ ನೋಡಿ. ಯಾರದೆಂದು ಗುರುತಿಲ್ಲದ ಮರದ ಬಟ್ಟಲು ಸಿಕ್ಕಿದರೆ ಬೆಟ್ಟ ಹತ್ತಿ. ಖಾಲಿ ಮಾತ್ರ ಒಯ್ಯಬೇಡಿ.