ಹಿಂಡಿ ಮ್ಯಾಲಿನ ಎಣ್ಣಿ

ಯಶೋಧರಾ ಅಕ್ಕನ ನೆನಪಿಗಾಗಿ ಖೂಬಾ ಪ್ಲಾಟಿನ ಈ ಸಭಾಂಗಣದಲ್ಲಿ ಸೇರಿರುವ ಹಿರಿಯರಿಗೆ, ಕಮಲಾಪುರದಿಂದ ಬಸ್ ಹಿಡಿದು ಬಂದ ತಾಯಂದಿರಿಗೆ, ಅಕ್ಕನ ಯಜಮಾನರಾದ ಗೌತಮ ಅಣ್ಣನವರಿಗೆ, ಅವರ ಮಗಳು ಕಾವೇರಿಗೆ — ನಮಸ್ಕಾರ. ನಾನು ಮಂಜುಷಾ. ನಮ್ಮ ದವಾಖಾನೆಯಲ್ಲಿ ಆಹಾರ ಸಲಹೆಗಾರರಾಗಿದ್ದ ಯಶೋಧರಾ ಅಕ್ಕನ ಪಕ್ಕದ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತವಳು.

ಬರೀ ಹೊಗಳಿದ್ರ ಅಕ್ಕಗ ಸಿಟ್ಟು ಬರ್ತಿತ್ತು. ಅದಕ್ಕ ಅವರ ಒಂದು ತಪ್ಪು ಹೇಳ್ತೀನಿ.

ಕಮಲಾಪುರದಾಗ ಪ್ರತಿ ಮಂಗಳವಾರ ಅವರ ಅಡಿಗಿ ಕ್ಲಾಸ್ ಇರ್ತಿತ್ತು. ಒಮೆಗಾ ಮೂರು, ಒಮೆಗಾ ಆರು ಅಂತ ಮೈಗೆ ಬೇಕಾದ ಎರಡು ನಮೂನಿ ಕೊಬ್ಬು ಅವ, ಎರಡೂ ಹದಾ ಇರಬೇಕು ಅಂದ್ರ ಯಾರಿಗೆ ತಿಳೀಬೇಕ್ರಿ? ಅಕ್ಕ ಸರಳ ಮಾಡಿ ಹೇಳಿದ್ರು — "ದಿನಾ ಒಂದ್ ಚಮಚ ಅಗಸಿ ಹಿಂಡಿ ತಿನ್ರಿ, ಅಗಸಿಬೀಜ ಹುರಿದು ಖಾರ ಹಾಕಿ ಕುಟ್ಟಿದ ಪುಡಿ. ಒಮೆಗಾ ಮೂರು ಅದರಾಗೇ ಅದ." ಎಲ್ಲರೂ ಖುಷಿಯಿಂದ ತಿಂದ್ರು.

ಆರು ತಿಂಗಳಾದ ಮ್ಯಾಲೆ ಕ್ಲಾಸಿಗೆ ಬರೋ ಸಾಬಮ್ಮ ನಮ್ಮಿಬ್ಬರನ್ನೂ ಊಟಕ್ಕ ಕರೆದ್ರು. ಬಿಸಿ ರೊಟ್ಟಿ, ಅಗಸಿ ಹಿಂಡಿ. ಹಿಂಡಿ ನಡುವ ಹಿಂಗ ಬೆರಳಿಂದ ಕುಣಿ ಮಾಡಿ — ಅದು ತುಂಬೋತನಕ ಸೂರ್ಯಕಾಂತಿ ಎಣ್ಣಿ. "ನೀವು ಹೇಳಿದ ಮ್ಯಾಲೆ ಎರಡು ಹೊತ್ತೂ ಹಿಂಡಿ ತಿಂತೀವ್ರಿ ಅಕ್ಕಾರ, ಅದಕ್ಕ ತಕ್ಕಂಗ ಎಣ್ಣಿ," ಅಂದ್ರು ಸಾಬಮ್ಮ.

ಅಕ್ಕನ ಕೈ ಅಲ್ಲೇ ನಿಂತಿತು. ಆ ಎಣ್ಣಿಯಾಗ ಇರೋದು ಬಹುಪಾಲು ಒಮೆಗಾ ಆರು. ಅದೂ ಬೇಕು, ಆದ್ರ ನಮ್ಮ ಒಗ್ಗರಣಿ, ಭಜಿಯಿಂದ ಮೊದಲೇ ಹೆಚ್ಚಾಗಿರ್ತದ. ಹಿಂಡಿ ಒಂದು ಕಡೆ ತೂಗಿದ್ರ ಎಣ್ಣಿ ಇನ್ನೊಂದು ಕಡೆ ಜಗ್ಗಿತ್ತು.

ವಾಪಸ್ ಬರುವಾಗ ಬಸ್ಸಿನಾಗ ಅಕ್ಕ ಅಂದ್ರು — "ಮಂಜು, ಏನು ಕೂಡಿಸ್ಬೇಕಂತ ಹೇಳ್ದೆ. ಏನು ಕಡಿಮಿ ಮಾಡ್ಬೇಕಂತ ಹೇಳಲಿಲ್ಲ. ನನ್ನ ಮನ್ಯಾಗೂ ಹಂಗೇ ತಿಂತೀವಿ, ನಂಗೇ ಹೊಳೀಲಿಲ್ಲ ನೋಡು."

ಮುಂದಿನ ಮಂಗಳವಾರ ನಲವತ್ತು ಹೆಣ್ಣುಮಕ್ಕಳ ಮುಂದ ನಿಂತು, "ತಪ್ಪು ನಂದು" ಅಂದ್ರು. ಹಿಂಡಿಗೆ ಎಣ್ಣಿ ಬದಲಿ ಮೊಸರು ಕಲಸಿ ತಾವೇ ಮೊದಲು ತಿಂದ್ರು. ಇಷ್ಟು ಓದಿದವರು ತಪ್ಪು ನಂದು ಅಂದದ್ದು ನಾ ಮತ್ತೆಲ್ಲೂ ಕೇಳಿಲ್ಲ.

ಅಕ್ಕ ಹೋಗಿ ಮೂರು ವಾರ. ಮೂರು ಮಂಗಳವಾರ ಕ್ಲಾಸ್ ನಡೆದಿಲ್ಲ. ಖರೇ ಹೇಳ್ತೀನಿ, ನಂಗ ಅಂಜಿಕಿ ಇತ್ತು. ನಾಲ್ಕು ಮಂದಿ ಮುಂದ ನಿಂತ್ರ ನನ್ನ ಬಾಯಿ ಒಣಗ್ತದ. ಕ್ಲಾಸ್ ನಿಲ್ಲಿಸ್ತೀವಿ ಅಂತ ಮೊನ್ನೆ ಪತ್ರಾನೂ ಬರೆದಿಟ್ಟಿದ್ದೆ. ಅಷ್ಟರಾಗ ಸಾಬಮ್ಮನ ಫೋನ್ ಬಂತು.

"ಕ್ಲಾಸ್ ಬಂದ್ ಮಾಡಬ್ಯಾಡ್ರಿ ಮಂಜುಷಾ ಬಾಯಾರ. ಹಿಂಡಿ ನಾ ಕುಟ್ಟಿ ಇಡ್ತೀನಿ, ನೀವು ಬರ್ರಿ ಅಷ್ಟೇ. ತಪ್ಪಾದ್ರ ಆಗ್ಲಿ, ಕೂಡಿ ತಿದ್ದಿಕೊಳ್ಳಾಮು."

ಆ ಪತ್ರ ಹರಿದೀನಿ. ಮಂಗಳವಾರ ಹೋಗಾಕತ್ತೀನಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಎರಡು ನಿಮಿಷ — ಮಾತು ಬೇಡ, ಅಕ್ಕನ ಜೊತೆ ಸುಮ್ಮನೆ ಇರೋಣ.